ಓದುಗರ ಪ್ರಶ್ನೆಗಳಿಗೆ ಉತ್ತರ: ಪುಂಡಿ, ಚುಕ್ಕೆ, ಹುಣಸೆ ಚಿಗುರು ಮತ್ತಿತರ ಹುಳಿ ಸೊಪ್ಪುಗಳು

ಮಳೆ ಹಿಡಿದ ಮೇಲೆ ಸಂತೆಯಲ್ಲಿ ಹುಳಿ ಸೊಪ್ಪಿನ ಕಟ್ಟುಗಳು ಹೆಚ್ಚುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಅವುಗಳದ್ದೇ ಸುದ್ದಿ ಹೆಚ್ಚಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಪುಂಡಿ ಸೊಪ್ಪನ್ನೂ ತೊಗರಿಬೇಳೆಯನ್ನೂ ಕುಕ್ಕರಿನಲ್ಲಿ ಒಟ್ಟಿಗೇ ಇಟ್ಟು ಐದು ಸೀಟಿ ಕೂಗಿಸಿದರೂ ಬೇಳೆ ಕಾಳುಕಾಳಾಗಿಯೇ ಉಳಿಯುತ್ತದೆ. ಪಾಲಕ್ ಹಾಕಿದಾಗ ಈ ತೊಂದರೆ ಇಲ್ಲ. ಬೇಳೆ ಹಳೆಯದೋ, ಕುಕ್ಕರ್ ಕೆಟ್ಟಿದೆಯೋ ತಿಳಿಯದು. (ಗೃಹಿಣಿ, ಮೈಸೂರು)

ಉತ್ತರ: ಪಾಲಕ್ ಜೊತೆ ಬೇಳೆ ಸರಿಯಾಗಿ ಬೇಯುತ್ತಿರುವುದರಿಂದ ಬೇಳೆಯನ್ನೂ ಕುಕ್ಕರನ್ನೂ ದೂರಬೇಕಾಗಿಲ್ಲ, ಬೇಳೆಯನ್ನು ತಡೆಯುತ್ತಿರುವುದು ಸೊಪ್ಪಿನ ಹುಳಿ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಬಿಸಿನೀರಿನಲ್ಲಿ ಕರಗಿದಾಗ ಮಾತ್ರ ಬೇಳೆ ಕರಗುತ್ತದೆ, ನೀರು ಹುಳಿಯಾಗಿದ್ದರೆ ಆ ಪೆಕ್ಟಿನ್ ಸುಲಭಕ್ಕೆ ಸಡಿಲಗೊಳ್ಳುವುದಿಲ್ಲ. ಬೇಳೆ ಬೆಂದ ಮೇಲೆಯೇ ಹುಣಸೆ ರಸ ಬಿಡಬೇಕೆಂದು ಹಿರಿಯರು ಸಾಂಬಾರಿಗೆ ಹೇಳಿಕೊಟ್ಟ ಕ್ರಮ ಪುಂಡಿಗೂ ಹಾಗೆಯೇ ಅನ್ವಯಿಸುತ್ತದೆ, ಏಕೆಂದರೆ ಇಲ್ಲಿ ಸೊಪ್ಪೇ ಹುಣಸೆಯ ಜಾಗದಲ್ಲಿ ಕೂತಿರುತ್ತದೆ. ನಿಮ್ಮ ಮನೆಗೆ ಬರುವುದು ಕೊಳವೆಬಾವಿಯ ಗಡಸು ನೀರಾದರೆ ಅದರಲ್ಲಿರುವ ಸುಣ್ಣದ ಅಂಶವೂ ಪೆಕ್ಟಿನ್ನನ್ನು ಬಿಗಿಗೊಳಿಸುವುದರಿಂದ ತೊಂದರೆ ಇಮ್ಮಡಿಯಾಗುತ್ತದೆ.

ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ನಾಲ್ಕು ಜನರಿಗೆ ಅರ್ಧ ಕಪ್ ತೊಗರಿಬೇಳೆ, ಕಾಲು ಕಪ್ ಜೋಳದ ನುಚ್ಚು, ಒಂದು ಹಿಡಿ ಶೇಂಗಾ, ದಂಟಿನಿಂದ ಬಿಡಿಸಿದ ಪುಂಡಿ ಎಲೆ ಸುಮಾರು 250 ಗ್ರಾಂ ಸಾಕು. ಬೇಳೆ, ನುಚ್ಚು, ಶೇಂಗಾ ಮೂರನ್ನೂ ಚಿಟಿಕೆ ಅರಿಸಿನ ಮತ್ತು ಒಂದು ಚಮಚ ಎಣ್ಣೆ ಹಾಕಿ ಮೆತ್ತಗೆ ಬೇಯಿಸಿಕೊಳ್ಳಬೇಕು. ಎಲೆಯನ್ನು ಬೇರೆ ಪಾತ್ರೆಯಲ್ಲಿ, ಮುಳುಗುವಷ್ಟು ನೀರಿನಲ್ಲಿ, ಮುಚ್ಚಳ ಹಾಕದೆ ನಾಲ್ಕೈದು ನಿಮಿಷ ಕುದಿಸಿದರೆ ಅದು ಬಣ್ಣ ಕಳೆದುಕೊಂಡು ಬೆರಳಿಗೆ ಜಾರುವಷ್ಟು ಮೆತ್ತಗಾಗುತ್ತದೆ. ಆಗ ನೀರನ್ನು ಬಸಿದು, ಎಸೆಯದೆ ಒಂದು ಬಟ್ಟಲಿನಲ್ಲಿ ತೆಗೆದಿಡಿ. ಆರೆಂಟು ಹಸಿಮೆಣಸಿನಕಾಯಿ ಮತ್ತು ಉಪ್ಪು ಸೇರಿಸಿ ಎಲೆಯನ್ನು ಕಡಗೋಲಿನಿಂದ ಮಸೆದು, ಬೆಂದ ಬೇಳೆಗೆ ಬೆರೆಸಿ ಕುದಿಯಲು ಬಿಡಿ. ಈ ಹಂತದಲ್ಲಿ ರುಚಿ ನೋಡಿ, ಹುಳಿ ಸಾಲದೆನಿಸಿದರೆ ಮಾತ್ರ ಬಸಿದ ನೀರನ್ನು ಸೌಟು ಸೌಟಾಗಿ ಮರಳಿ ಸೇರಿಸಬೇಕು. ಪುಂಡಿಯ ಹುಳಿ ಕಟ್ಟಿನಿಂದ ಕಟ್ಟಿಗೆ, ಎಳೆಯದರಿಂದ ಬಲಿತದ್ದಕ್ಕೆ ಬದಲಾಗುವುದರಿಂದ ಯಾವ ಅಳತೆಯೂ ಇದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಲ್ಲ. ಕೊನೆಗೆ ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿಯನ್ನು ಜಜ್ಜಿ, ಎಣ್ಣೆಯಲ್ಲಿ ಕೆಂಪಾಗುವ ತನಕ ಹುರಿದು, ಸಾಸಿವೆ ಜೀರಿಗೆಯೊಂದಿಗೆ ಒಗ್ಗರಣೆ ಕೊಡಿ. ಬೆಳ್ಳುಳ್ಳಿಯಲ್ಲಿ ಕೈ ಬಿಗಿ ಹಿಡಿದರೆ ಪುಂಡಿ ಪಲ್ಲೆ ಸಪ್ಪೆ ಹುಳಿಯಾಗಿ ಉಳಿಯುತ್ತದೆ. ಕುಸುಬಿ ಎಣ್ಣೆ ಸಿಕ್ಕಿದರೆ ಊಟಕ್ಕೆ ಕೂತಾಗ ಮೇಲಿನಿಂದ ಒಂದು ಚಮಚ ಹಸಿ ಎಣ್ಣೆ ಬಿಟ್ಟುಕೊಂಡು, ಜೋಳದ ರೊಟ್ಟಿ ಮತ್ತು ಹಸಿ ಈರುಳ್ಳಿಯೊಡನೆ ಉಣ್ಣಬೇಕು. ಮಾಡಿದ ದಿನಕ್ಕಿಂತ ಮರುದಿನ ಹೆಚ್ಚು ರುಚಿ ಎಂದು ಕಲಬುರಗಿ, ರಾಯಚೂರಿನ ಕಡೆಯವರು ಹೇಳುವುದು ಬರಿಯ ಅಭಿಮಾನದ ಮಾತಲ್ಲ. ನುಚ್ಚು ಹುಳಿಯನ್ನು ಹೀರಿಕೊಳ್ಳಲು ಒಂದು ರಾತ್ರಿ ಬೇಕಾಗುತ್ತದೆ.

ಬೇಳೆಯನ್ನು ಬೇಯಗೊಡದ ಈ ಗುಣವನ್ನೇ ಬೇಕೆಂದು ಬಳಸಿಕೊಳ್ಳುವುದೂ ಉಂಟು. ಕಡಲೆಬೇಳೆ ಒಡೆಯದೆ ಇಡಿಯಾಗಿ ಹಲ್ಲಿಗೆ ಸಿಗಬೇಕೆಂದು ಬಯಸುವವರು ಅದನ್ನು ಮುಕ್ಕಾಲು ಬೇಯಿಸಿ, ಆಗ ಹುಳಿ ಸೊಪ್ಪು ಸೇರಿಸಿದರೆ, ಮುಂದೆ ಎಷ್ಟು ಕುದಿಸಿದರೂ ಅದು ಬಹುಮಟ್ಟಿಗೆ ಅದೇ ಹದದಲ್ಲಿ ನಿಲ್ಲುತ್ತದೆ. ಆಲೂಗಡ್ಡೆಯ ವಿಷಯದಲ್ಲೂ ಹೀಗೆಯೇ.

ಪ್ರಶ್ನೆ: ಒಂದು ಕಡೆ ಪುಂಡಿಯನ್ನು, ಇನ್ನೊಂದು ಕಡೆ ಚುಕ್ಕೆ ಸೊಪ್ಪನ್ನು ಸಾರೆಲ್ ಎಂದು ಬರೆದಿರುತ್ತಾರೆ. ಎರಡೂ ಒಂದೇ ಜಾತಿಯೇ? ಒಂದರ ಬದಲಿಗೆ ಇನ್ನೊಂದನ್ನು ಬಳಸಬಹುದೇ? (ಕಾಲೇಜು ಅಧ್ಯಾಪಕಿ, ಬೆಂಗಳೂರು)

ಉತ್ತರ: ಹುಳಿ ಎನ್ನುವುದನ್ನು ಬಿಟ್ಟರೆ ಇವೆರಡಕ್ಕೂ ನೆಂಟಸ್ತಿಕೆ ಇಲ್ಲ. ಪುಂಡಿ ದಾಸವಾಳದ ಕುಟುಂಬದ್ದು; ಎತ್ತರಕ್ಕೆ ಬೆಳೆಯುವ, ಬೆರಳು ಬಿಡಿಸಿದಂಥ ಎಲೆಯ ಗಿಡ. ಅದರಲ್ಲಿ ಹಸಿರು ದಂಟಿನದೂ ಉಂಟು, ಕೆಂಪು ದಂಟಿನದೂ ಉಂಟು. ಹೊಲದಲ್ಲಿ ಅದನ್ನು ಸೊಪ್ಪಿಗಾಗಿ ಮಾತ್ರವಲ್ಲದೆ ಹಗ್ಗ ಹೊಸೆಯುವ ನಾರಿಗಾಗಿಯೂ ಬೆಳೆಯುತ್ತಿದ್ದರು. ತೆಲುಗಿನವರ ಗೋಂಗೂರ, ಮರಾಠಿಯವರ ಅಂಬಾಡಿ ಎರಡೂ ಇದೇ. ಚುಕ್ಕೆ ಸೊಪ್ಪು ನೆಲಮಟ್ಟದಲ್ಲೇ ಹರಡಿ ಬೆಳೆಯುವ, ಮುಟ್ಟಿದರೆ ತಣ್ಣಗೆ ರಸಭರಿತವಾಗಿರುವ ಪುಟ್ಟ ಗಿಡ. ಉತ್ತರ ಕರ್ನಾಟಕದಲ್ಲಿ ಅದನ್ನು ಹುಣಚಿಕ್ಕ, ಹುಳಿಚಿಕ್ಕ ಎಂದು ಕರೆಯುತ್ತಾರೆ. ಯುರೋಪಿನ ಜನ ಸಾರೆಲ್ ಎಂದು ಮೊದಲಿನಿಂದ ಕರೆಯುತ್ತ ಬಂದಿರುವುದು ಈ ಚುಕ್ಕೆಯ ಹತ್ತಿರದ ಸಂಬಂಧಿಯನ್ನು. ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ: ಜಮೈಕಾ ಮುಂತಾದ ಕೆರಿಬಿಯನ್ ನಾಡುಗಳಲ್ಲಿ ಸಾರೆಲ್ ಎಂದರೆ ಕ್ರಿಸ್‌ಮಸ್ ಕಾಲಕ್ಕೆ ಮಾಡುವ ಕೆಂಪು ಪಾನೀಯ, ಅದನ್ನು ಮಾಡುವುದು ಕೆಂಪು ಪುಂಡಿಯ ಹೂವಿನ ತಿರುಳುಳ್ಳ ಪುಷ್ಪಪಾತ್ರೆಗಳಿಂದ. ಹಾಗಾಗಿ ಸಾರೆಲ್ ಎಂಬ ಹೆಸರು ನೋಡಿ ಅಡುಗೆಗೆ ಇಳಿಯುವ ಮೊದಲು ಎಲೆಯ ಚಿತ್ರ ನೋಡುವುದು ಕ್ಷೇಮ.

ಹೆಸರಿನ ಅವಾಂತರಕ್ಕೆ ದೇಶ ದಾಟಲೇಬೇಕೆಂದೂ ಇಲ್ಲ. ಮಂಗಳೂರಿನಲ್ಲಿ ಪುಂಡಿ ಬೇಕೆಂದು ಕೇಳಿದರೆ ನಿಮ್ಮ ತಟ್ಟೆಗೆ ಬರುವುದು ಹಬೆಯಲ್ಲಿ ಬೆಂದ ಅಕ್ಕಿಯ ಉಂಡೆ.

ಬದಲಿಗೆ ಬಳಸಬಹುದೇ ಎಂದರೆ, ಸಾರಿಗೆ ಬಳಸಬಹುದು, ಚಟ್ನಿ ಉಪ್ಪಿನಕಾಯಿಗೆ ಆಗದು. ಚುಕ್ಕೆಯಲ್ಲಿ ನೀರಿನಂಶ ಹೆಚ್ಚು. ಒಲೆಯ ಮೇಲಿಟ್ಟ ಎರಡು ಮೂರು ನಿಮಿಷದಲ್ಲಿ ಒಂದು ದೊಡ್ಡ ಕಟ್ಟು ನಾಲ್ಕು ಚಮಚದಷ್ಟು ಗೊಜ್ಜಾಗಿಬಿಡುತ್ತದೆ. ಪುಂಡಿಗೆ ಮೈಯುಂಟು, ಎಣ್ಣೆಯಲ್ಲಿ ಬಾಡಿಸಿದರೆ ನಾರು ಉಳಿದು ಅರೆಯಲು ಸಿಗುತ್ತದೆ. ಚುಕ್ಕೆಯನ್ನು ಬೆಂದ ಬೇಳೆಗೆ ಕಡೆಯಲ್ಲಿ ಹಾಕಿ ಒಂದೇ ಕುದಿ ತರಿಸಿ ಇಳಿಸಬೇಕು. ಎರಡಕ್ಕೂ ಹುಣಸೆಹಣ್ಣು, ಟೊಮೇಟೊ ಬೇಡ. ಸೊಪ್ಪಿನ ಹುಳಿಯ ಮೇಲೆ ಹಣ್ಣಿನ ಹುಳಿ ಸುರಿದು, ಆಮೇಲೆ ಸರಿಪಡಿಸಲು ಬೆಲ್ಲ ಹಾಕುವ ಅಭ್ಯಾಸ ನನಗೆ ಹಿಡಿಸಿಲ್ಲ.

ಪ್ರಶ್ನೆ: ಸೊಪ್ಪು ಬೆಂದ ಕೂಡಲೇ ಕೆಸರಿನ ಬಣ್ಣಕ್ಕೆ ತಿರುಗುತ್ತದೆ, ಮಕ್ಕಳು ತಟ್ಟೆ ದೂಡುತ್ತಾರೆ. ಚಿಟಿಕೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆ ಎಂದು ನೆರೆಮನೆಯವರು ಹೇಳಿದರು. (ಓದುಗರು, ಹುಬ್ಬಳ್ಳಿ)

ಉತ್ತರ: ಹಸಿರು ಉಳಿಯುವುದು ನಿಜ, ಆದರೆ ಹುಳಿ ಉಳಿಯುವುದಿಲ್ಲ. ಎಲೆಯ ಹಸಿರಿನ ನಡುವೆ ಮೆಗ್ನೀಸಿಯಂ ಕೂತಿರುತ್ತದೆ. ಬಿಸಿ ಮತ್ತು ಹುಳಿ ಸೇರಿದಾಗ ಅದು ಕಳಚಿಕೊಂಡು ಬಣ್ಣ ಕಂದು ಮಿಶ್ರಿತ ಹಸಿರಿಗೆ ಇಳಿಯುತ್ತದೆ. ಸೋಡಾ ಹಾಕಿದರೆ ಹುಳಿಯೇ ನಾಶವಾಗಿ ಬಣ್ಣ ನಿಲ್ಲುತ್ತದೆ, ಎಲೆ ಮಾತ್ರ ಲೋಳೆಯಾಗುತ್ತದೆ. ಹುಳಿಗಾಗಿ ತಂದ ಸೊಪ್ಪಿನ ಹುಳಿ ಕಳೆದ ಮೇಲೆ ಅದನ್ನು ತಂದದ್ದು ಏಕೆ? ಬಣ್ಣ ಬೇಕೇ ಬೇಕೆಂದರೆ ಕೊನೆಯಲ್ಲಿ ಒಂದು ಹಿಡಿ ಹಸಿ ಕೊತ್ತಂಬರಿ ಬೆರೆಸಿ.

ಬಣ್ಣದ ವಿಷಯ ಬಂದದ್ದರಿಂದ ಪಾತ್ರೆಯ ಮಾತನ್ನೂ ಹೇಳಬೇಕು. ಮದುವೆಯಾದ ಹೊಸತರಲ್ಲಿ ನಾನು ಅಟ್ಟದ ಮೇಲಿದ್ದ, ಕಲಾಯಿ ಹೋಗಿದ್ದ ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣಿನಿಂದ ಫಳಫಳ ಬೆಳಗಿ, ಅದರಲ್ಲೇ ಚುಕ್ಕೆ ಸಾರು ಕುದಿಸಿದೆ. ಸಾರು ಬಾಯಿಗಿಟ್ಟರೆ ನಾಣ್ಯ ನೆಕ್ಕಿದಂತಹ ಕಮಟು ರುಚಿ. ಇಡೀ ಪಾತ್ರೆ ಬಚ್ಚಲಿಗೆ ಹೋಯಿತು. ಹುಳಿ ಪಾತ್ರೆಯನ್ನು ಹೊಳೆಯಿಸುತ್ತದೆ ಎಂದರೆ ಲೋಹವನ್ನು ತಿನ್ನುತ್ತಿದೆ ಎಂದೇ ಅರ್ಥವೆಂದು, ಬೆಳಗುವಾಗಲೇ ನನಗೆ ಹೊಳೆಯಬೇಕಿತ್ತು. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣದ ಬಾಣಲೆ ಇವ್ಯಾವುವೂ ಹುಳಿ ಸೊಪ್ಪಿಗೆ ಸಲ್ಲವು. ಸ್ಟೀಲು, ಮಣ್ಣಿನ ಗಡಿಗೆ, ಕಲ್ಲಿನ ಪಾತ್ರೆ ಆಗಬಹುದು.

ಪ್ರಶ್ನೆ: ಮಹಡಿಯ ಕುಂಡದಲ್ಲಿ ಗೋಣಿಸೊಪ್ಪು ಹುಲುಸಾಗಿ ಬೆಳೆದಿದೆ. ಬೆಳಿಗ್ಗೆ ತಿಂಡಿಗೆ ಕಿತ್ತ ಸೊಪ್ಪು ಹುಳಿಯಾಗಿರುತ್ತದೆ, ಅದೇ ಕುಂಡದಿಂದ ಸಂಜೆ ಕಿತ್ತದ್ದು ಸಪ್ಪೆ. ಇದು ನನ್ನ ನಾಲಿಗೆಯ ದೋಷವೆಂದು ಮನೆಯವರು ನಗುತ್ತಾರೆ. (ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಉತ್ತರ: ನಿಮ್ಮ ನಾಲಿಗೆಯನ್ನು ನಾನು ನಂಬುತ್ತೇನೆ. ನಿಮಗಿಂತ ಮೊದಲು ಇದನ್ನೇ ಗಮನಿಸಿ ಬರೆದಿಟ್ಟವನೊಬ್ಬ ನಿಮ್ಮ ಊರಿನ ನಂಟು ಉಳ್ಳವನೇ ಆಗಿದ್ದಾನೆ. ಟಿಪ್ಪುವಿನ ಪತನದ ನಂತರ ಲಾಲ್‌ಬಾಗಿನ ಉಸ್ತುವಾರಿಯನ್ನು ಕೆಲಕಾಲ ಹೊತ್ತಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇಯ್ನ್, ನಮ್ಮಲ್ಲಿ ಕಾಡುಬಸಳೆ ಎಂದು ಕರೆಯುವ ದಪ್ಪ ಎಲೆಯ ಗಿಡವನ್ನು ಅಗಿದು ನೋಡಿ, ಅದರ ಎಲೆ ಬೆಳಿಗ್ಗೆ ಸಾರೆಲ್‌ನಷ್ಟೇ ಹುಳಿ, ನಡುಹಗಲಿಗೆ ರುಚಿಯಿಲ್ಲದ್ದು, ಸಂಜೆಯ ಹೊತ್ತಿಗೆ ತುಸು ಕಹಿ ಎಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ತಿಳಿಸಿದ. ಅದು 1815ರಲ್ಲಿ ಅಚ್ಚಾಯಿತು. ಕಾರಣವನ್ನು ನಂತರದ ವಿಜ್ಞಾನಿಗಳು ಬಿಡಿಸಿದರು. ಬಿಸಿಲು ನಾಡಿನ ಕೆಲವು ರಸಭರಿತ ಗಿಡಗಳು ಹಗಲು ಎಲೆಯ ರಂಧ್ರ ತೆರೆದರೆ ನೀರು ಆರಿಹೋಗುತ್ತದೆಂದು ರಾತ್ರಿ ಮಾತ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಅದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಬಿಸಿಲೇರಿದ ಮೇಲೆ ಒಡೆದು ಸಕ್ಕರೆ ತಯಾರಿಸುತ್ತವೆ. ಸೇಬಿನಲ್ಲಿರುವ ಹುಳಿಯೂ ಇದೇ ಮ್ಯಾಲಿಕ್ ಆಮ್ಲ. ರಾತ್ರಿಯಿಡೀ ತುಂಬಿದ ಹುಳಿ ಸಂಜೆಗೆ ಖಾಲಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಗೋಣಿಸೊಪ್ಪು ನೀರು ಕೊರತೆಯಾದಾಗ ಈ ಉಪಾಯಕ್ಕೆ ಇಳಿಯುತ್ತದೆ. ಆದ್ದರಿಂದ ಹುಳಿ ಬೇಕೆಂದರೆ ಕುಂಡಕ್ಕೆ ಕೆಲವು ದಿನ ನೀರು ಕಡಿಮೆ ಮಾಡಿ, ಬಿಸಿಲೇಳುವ ಮೊದಲು ಕೊಯ್ಯಿರಿ. ಮೊಸರುಬಜ್ಜಿಗೆ, ಬೇಳೆ ಸೇರಿಸಿದ ಪಲ್ಯಕ್ಕೆ ಅದು ಒಪ್ಪುತ್ತದೆ. ತೆಂಗಿನಕಾಯಿ ಹಾಕುವ ಸಪ್ಪೆ ಪಲ್ಯಕ್ಕೆ ಸಂಜೆಯ ಸೊಪ್ಪೇ ವಾಸಿ. ಕಾಡುಬಸಳೆಯನ್ನು ಮಾತ್ರ ಹೇಯ್ನ್ ಅಗಿದನೆಂದು ನೀವೂ ಅಗಿಯಬೇಡಿ, ಅದು ಅಡುಗೆಯ ಸೊಪ್ಪಲ್ಲ.

ಪ್ರಶ್ನೆ: ಹುಲ್ಲಿನ ನಡುವೆ ಬೆಳೆಯುವ, ಹಳದಿ ಹೂವಿನ ಪುಳಿಯಾರೆಯಿಂದ ತಂಬುಳಿ ಮಾಡಿದರೆ ಮಜ್ಜಿಗೆ ಒಡೆದಂತೆ ಕಾಣುತ್ತದೆ. (ಗೃಹಿಣಿ, ಶಿವಮೊಗ್ಗ)

ಉತ್ತರ: ಬಿಸಿ ಇರುವಾಗಲೇ ಮಜ್ಜಿಗೆ ಸೇರಿಸುತ್ತಿದ್ದೀರಿ ಎಂದು ಊಹಿಸುತ್ತೇನೆ. ಹೃದಯದಾಕಾರದ ಮೂರು ಮೂರು ದಳಗಳ ಆ ಎಲೆಯನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಪೂರ್ತಿ ಆರಿದ ಮೇಲೆ ತೆಂಗಿನತುರಿಯೊಡನೆ ಅರೆದು, ಹುಳಿಯಿಲ್ಲದ ತಾಜಾ ಮಜ್ಜಿಗೆಗೆ ಬೆರೆಸಬೇಕು. ಕುದಿಸಬಾರದು. ನಾಯಿ ಓಡಾಡುವ ಉದ್ಯಾನದ ಹುಲ್ಲಿನಿಂದ ಕೀಳಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಪೋಲೆಂಡಿನಲ್ಲಿದ್ದೇನೆ. ಇಲ್ಲಿ ಶ್ಚಾವ್ ಎಂಬ ಹುಳಿ ಸೊಪ್ಪು ವಸಂತದಲ್ಲಿ ಸಿಗುತ್ತದೆ, ಬೇರೆ ಕಾಲದಲ್ಲಿ ಬಾಟಲಿಯಲ್ಲಿ ಸಿಗುತ್ತದೆ. ಇದರಿಂದ ನಮ್ಮ ಚುಕ್ಕೆ ಸಾರು ಮಾಡಬಹುದೇ? (ಓದುಗರು, ವಾರ್ಸಾ)

ಉತ್ತರ: ಧಾರಾಳವಾಗಿ. ಅದು ಚುಕ್ಕೆಯ ಸೋದರ ಜಾತಿಯೇ. ಬುಡದಲ್ಲಿ ಬಾಣದಂತೆ ಎರಡು ಚೂಪು ಕಿವಿಗಳಿರುವ ಉದ್ದನೆಯ ಎಲೆ. ಬಲಿತಿದ್ದರೆ ನಡುವಿನ ದಂಟನ್ನು ಎಳೆದು ತೆಗೆಯಿರಿ, ಇಲ್ಲವಾದರೆ ನಾರು ಬಾಯಿಗೆ ಸಿಗುತ್ತದೆ. ತೊಗರಿಬೇಳೆ ಸಿಗದಿದ್ದರೆ ಅಲ್ಲಿನ ಕೆಂಪು ಮಸೂರಬೇಳೆ ಸಾಕು. ಬಾಟಲಿಯ ಸೊಪ್ಪಿಗೆ ಸಾಮಾನ್ಯವಾಗಿ ಉಪ್ಪು ಸೇರಿಸಿರುತ್ತಾರಾದ್ದರಿಂದ ಸಾರಿಗೆ ಉಪ್ಪನ್ನು ಕೊನೆಯಲ್ಲಿ, ರುಚಿ ನೋಡಿದ ಮೇಲೆ ಹಾಕಿ. ಆ ದೇಶದವರು ಇದೇ ಸೊಪ್ಪಿನ ಸೂಪಿಗೆ ಬೆಂದ ಮೊಟ್ಟೆ ಮತ್ತು ಹುಳಿ ಕೆನೆ ಸೇರಿಸುವುದನ್ನು ನೀವು ನೋಡಿರಬಹುದು. ಕೆನೆಯ ಜಿಡ್ಡು ಹುಳಿಯ ಚೂಪನ್ನು ತಗ್ಗಿಸುತ್ತದೆ. ನಮ್ಮ ಸಾರಿಗೆ ತುಪ್ಪದ ಒಗ್ಗರಣೆ ಮಾಡುವುದೂ ಅದೇ ಕೆಲಸವನ್ನೇ.

ಒಂದು ಎಚ್ಚರಿಕೆ: ಕಾಡಿನಲ್ಲಿ ನೀವೇ ಕೀಳಲು ಹೋಗಬೇಡಿ. ಯುರೋಪಿನ ಕಾಡಂಚಿನಲ್ಲಿ ಬೆಳೆಯುವ, ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದ ಆರಂ ಎಂಬ ವಿಷಗಿಡದ ಎಲೆಯೂ ಬಾಣದ ಆಕಾರದ್ದೇ. ಕೆಸುವಿನಲ್ಲಿ ಗಂಟಲು ಕೆರೆಯುವ ಸೂಜಿಯಂಥ ಹರಳುಗಳು ಅದರಲ್ಲಿ ಇನ್ನೂ ಉಗ್ರವಾಗಿರುತ್ತವೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಹುಳಿ ಸೊಪ್ಪು ಪೂರ್ತಿ ಬಿಡಬೇಕೇ? ಪಾಲಕ್ ಹುಳಿಯಲ್ಲವಾದ್ದರಿಂದ ಈಗ ಅದನ್ನೇ ಮಾಡುತ್ತಿದ್ದೇನೆ. (ಓದುಗರು, ದಾವಣಗೆರೆ)

ಉತ್ತರ: ಪಾಲಕ್ ಮಾಡುವುದನ್ನು ಮೊದಲು ನಿಲ್ಲಿಸಿ, ವೈದ್ಯರನ್ನು ಕೇಳಿ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು, ಪಾಲಕ್ ಆಕ್ಸಲೇಟಿನ ದೊಡ್ಡ ಆಗರ. ನಾಲಿಗೆಯ ಹುಳಿಯನ್ನು ನಂಬಿ ಇದನ್ನು ಅಳೆಯಲಾಗದು. ಚುಕ್ಕೆ ಮತ್ತು ಪುಳಿಯಾರೆಯ ಹುಳಿ ಬಹುಪಾಲು ಆಕ್ಸಲೇಟಿನ ಮೂಲವಾದ ಆಕ್ಸಾಲಿಕ್ ಆಮ್ಲದ್ದಾದರೆ, ಹುಣಸೆಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ, ನಿಂಬೆಯದು ಸಿಟ್ರಿಕ್ ಆಮ್ಲ. ಕಲ್ಲಿನ ಬಗೆ ಯಾವುದೆಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆಯೇ ಪಥ್ಯ ನಿಶ್ಚಯವಾಗಬೇಕು. ಮಿತವಾಗಿ ತಿನ್ನಬಹುದೆಂದು ಅವರು ಹೇಳಿದರೆ, ಸೊಪ್ಪನ್ನು ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಿಬಿಡಿ. ಕರಗುವ ಆಕ್ಸಲೇಟಿನ ಒಂದು ಪಾಲು ಅದರೊಡನೆ ಹೋಗುತ್ತದೆ. ಮೈಸೂರಿನ ಪತ್ರಕ್ಕೆ ಉತ್ತರಿಸುತ್ತ ಬಸಿದ ನೀರನ್ನು ತೆಗೆದಿಡಿ ಎಂದೆನಲ್ಲ, ಅದು ನಿಮ್ಮ ಮನೆಗೆ ಅನ್ವಯಿಸುವುದಿಲ್ಲ. ಅದೇ ಊಟದಲ್ಲಿ ಮೊಸರನ್ನೋ ಮಜ್ಜಿಗೆಯನ್ನೋ ಬಡಿಸಿ. ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿಹಾಕುವುದರಿಂದ ರಕ್ತಕ್ಕೆ ಸೇರುವ ಪ್ರಮಾಣ ತಗ್ಗುತ್ತದೆ. ಕಲ್ಲಾಗಿದೆಯೆಂದು ಹಾಲು ಮೊಸರನ್ನು ಬಿಡಿಸುವ ಮನೆಗಳು ಇಂದಿಗೂ ಇವೆ, ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು.

ಪ್ರಶ್ನೆ: ಗೋಂಗೂರ ಉಪ್ಪಿನಕಾಯಿಗೆ ಹದಿನೈದೇ ದಿನದಲ್ಲಿ ಬೂಷ್ಟು ಬರುತ್ತದೆ. ಎಣ್ಣೆ, ಉಪ್ಪು, ಖಾರ ಯಾವುದಕ್ಕೂ ಕಡಿಮೆ ಮಾಡಿಲ್ಲ. (ಓದುಗರು, ಬಳ್ಳಾರಿ)

ಉತ್ತರ: ನೀವು ಬರೆದ ವಿಧಾನದಲ್ಲಿ ಎಲೆ ತೊಳೆದದ್ದು ಬೆಳಿಗ್ಗೆ, ಹುರಿದದ್ದು ಅಂದೇ ಮಧ್ಯಾಹ್ನ ಎಂದಿದೆ. ತಪ್ಪು ಅಲ್ಲಿದೆ. ತೊಳೆದ ಎಲೆಯನ್ನು ಹತ್ತಿಯ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ನೆರಳಿನಲ್ಲಿ ಒಂದು ರಾತ್ರಿ ಬಿಡಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈ ಒಣಗಿರಬೇಕು. ಬಾಣಲೆಯಲ್ಲಿ ಅದು ಮೊದಲು ಸೊರಗಿ, ಆಮೇಲೆ ಸೊರಸೊರ ಸದ್ದು ಮಾಡುತ್ತ ನೀರು ಬಿಟ್ಟು, ಕೊನೆಗೆ ಸದ್ದಡಗಿ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಸದ್ದು ಇನ್ನೂ ಕೇಳುತ್ತಿದೆಯೆಂದರೆ ನೀರು ಇನ್ನೂ ಇದೆ. ಆರಿದ ಮೇಲೆ ಜಾಡಿಗೆ ತುಂಬಿ, ಮೇಲೆ ಎಣ್ಣೆ ಒಂದು ಬೆರಳು ನಿಲ್ಲುವಂತೆ ನೋಡಿಕೊಳ್ಳಿ. ಬೂಷ್ಟು ಬಂದ ಜಾಡಿಯನ್ನು ಮೇಲುಪದರ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ.

ಪ್ರಶ್ನೆ: ಹುಣಸೆ ಚಿಗುರನ್ನು ಬಿಡಿಸುವುದೇ ಅರ್ಧ ದಿನದ ಕೆಲಸ. ಸುಲಭ ಉಪಾಯ ಇದೆಯೇ? (ಓದುಗರು, ಕೋಲಾರ)

ಉತ್ತರ: ಒಂದೊಂದೇ ಎಲೆ ಬಿಡಿಸುವುದು ಬೇಡ. ಬೇಸಿಗೆಯ ಮೊದಲಲ್ಲಿ ಬರುವ, ಇನ್ನೂ ಕೆಂಪು ಛಾಯೆ ಹೋಗದ ಚಿಗುರನ್ನೇ ಆರಿಸಿ, ತೊಳೆದು ಆರಿಸಿಕೊಂಡು, ಒಂದು ಹಿಡಿಯನ್ನು ಎರಡು ಅಂಗೈಗಳ ನಡುವೆ ಇಟ್ಟು ಉಜ್ಜಿ. ಎಳೆಯ ಎಲೆಗಳು ಮುದುಡಿ ಪುಡಿಯಾಗಿ ಮೊರಕ್ಕೆ ಉದುರುತ್ತವೆ, ನಡುವಿನ ಕಡ್ಡಿ ಎಳೆಯದಲ್ಲದಿದ್ದರೆ ಕೈಯಲ್ಲೇ ಉಳಿಯುತ್ತದೆ. ಆ ಪುಡಿಯನ್ನು ಎರಡು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿಯೊಡನೆ ಹುರಿದು, ಹುರಿದ ಶೇಂಗಾ ಸೇರಿಸಿ ತರಿತರಿಯಾಗಿ ಅರೆದರೆ ಮುದ್ದೆಗೂ ಬಿಸಿ ಅನ್ನಕ್ಕೂ ಹೊಂದುವ ಚಟ್ನಿಯಾಯಿತು. ಹೆಚ್ಚು ಸಿಕ್ಕಿದಾಗ ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ಡಬ್ಬಿಯಲ್ಲಿಟ್ಟರೆ ಮಳೆಗಾಲದ ಬೇಳೆ ಸಾರಿಗೆ ಒಂದೊಂದು ಹಿಡಿ ಹಾಕಿಕೊಳ್ಳಬಹುದು. ಕಡ್ಡಿ ಕೈಯಲ್ಲಿ ಉಳಿಯದೆ ಎಲೆಯೊಡನೆ ಪುಡಿಯಾಗಿ ಉದುರಿದರೆ ಹೆದರಬೇಡಿ, ಚಿಗುರು ಅಷ್ಟು ಎಳೆಯದಿದೆ ಎಂದು ತಿಳಿದು ಅದನ್ನೂ ಹುರಿದುಬಿಡಿ.